ಹೊಸ ಜರೀಗಿಡ ಸಿಕ್ಕಿತು, ಮುಂದೇನು? ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಜರೀಗಿಡಗಳ, ಅಂದರೆ ಫರ್ನ್‌ಗಳ, ಫೋಟೊ ಸಮೇತ ಪತ್ರಗಳು ಬರುವುದು ಮಾಮೂಲು. ಈ ಸಲ ಹೆಚ್ಚಿನವರು ಕೇಳಿರುವುದು ಒಂದೇ: ಇದು ಹೊಸ ಪ್ರಭೇದವೇ, ಆಗಿದ್ದರೆ ಹೆಸರಿಡುವುದು ಹೇಗೆ? ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಅಡಿಕೆ ತೋಟದ ಅಂಚಿನ ದರೆಯಲ್ಲಿ ಒಂದು ಜರೀಗಿಡ ಇದೆ. ಮೊಬೈಲ್ ಆ್ಯಪ್ ಮೂರು ಸಲಕ್ಕೆ ಮೂರು ಹೆಸರು ಹೇಳಿತು. ಪುಸ್ತಕದ ಯಾವ ಚಿತ್ರಕ್ಕೂ ಹೊಂದುತ್ತಿಲ್ಲ. ಹೊಸದೇ ಇರಬಹುದೇ?
*– ಕೃಷಿಕರೊಬ್ಬರು, ತೀರ್ಥಹಳ್ಳಿ*

ಇರಬಹುದು. ಆದರೆ ಆ್ಯಪ್ ತಡವರಿಸಿತು ಎಂಬುದು ಅದಕ್ಕೆ ಸಾಕ್ಷಿಯಾಗದು. ಆ್ಯಪ್ ನೋಡುವುದು ಎಲೆಯ ಆಕಾರವನ್ನು. ಜರೀಗಿಡಗಳಲ್ಲಿ ಜನರನ್ನು ಹೆಚ್ಚು ದಾರಿ ತಪ್ಪಿಸುವುದೂ ಎಲೆಯ ಆಕಾರವೇ. ಒಂದೇ ಗಿಡ ಎಳೆಯದಿದ್ದಾಗ ಸೀಳಿಲ್ಲದ ಎಲೆ ಬಿಟ್ಟು, ಬಲಿತ ಮೇಲೆ ಎರಡು ಮೂರು ಹಂತ ಸೀಳಿದ ಎಲೆ ಬಿಡುತ್ತದೆ. ನೆರಳಿನಲ್ಲಿ ಬೆಳೆದದ್ದು ತೆಳ್ಳಗೆ ಅಗಲವಾಗಿ, ಬಿಸಿಲಿಗೆ ಸಿಕ್ಕಿದ್ದು ದಪ್ಪಗೆ ಗಿಡ್ಡವಾಗಿ ಇರುತ್ತದೆ. ಬಾಲ್ಬಿಟಿಸ್ ಕುಲದಲ್ಲಿ ಬೀಜಕ (ಜರೀಗಿಡ ಬೀಜದ ಬದಲು ಬಿಡುವ ಪುಡಿಯಂಥ ಕಣ, ಸ್ಪೋರ್) ಬಿಡುವ ಎಲೆಯೇ ಬೇರೆ, ಬಿಡದ ಎಲೆಯೇ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಗಿಡದವು ಎಂದೇ ಅನ್ನಿಸುತ್ತದೆ.

ಇನ್ನೊಂದು ಸಾಧ್ಯತೆ, ಹೊರಗಿನಿಂದ ಬಂದ ಗಿಡ. ಮಲೆನಾಡಿನಲ್ಲಿ ರಸ್ತೆಗೆಂದು ಕಡಿದ ದರೆಗಳಲ್ಲಿ ಧಾರಾಳವಾಗಿ ಬೆಳೆಯುವ ಪಿಟಿರೋಗ್ರಾಮಾ ಕ್ಯಾಲೊಮೆಲಾನೋಸ್ ಅಮೆರಿಕ ಖಂಡದ ಉಷ್ಣವಲಯದ್ದು. ಅದರ ಎಲೆಯಡಿಯನ್ನು ಕೈಗೆ ಒತ್ತಿದರೆ ಬಿಳಿ ಪುಡಿಯ ಅಚ್ಚು ಮೂಡುತ್ತದೆ, ಮಕ್ಕಳಿಗೆ ಅದೊಂದು ಆಟ. ನಿಮ್ಮ ಗಿಡ ಕೂಡ ಯಾರದೋ ಕುಂಡದಿಂದ ತಪ್ಪಿಸಿಕೊಂಡದ್ದಿರಬಹುದು. ಇಲ್ಲಿ ಯಾರೂ ದಾಖಲಿಸದಿದ್ದರೂ ಶ್ರೀಲಂಕಾದಲ್ಲೋ ಮಲೇಷ್ಯಾದಲ್ಲೋ ಹಿಂದೆಯೇ ಹೆಸರು ಪಡೆದದ್ದಿರಬಹುದು. ಎರಡು ಪ್ರಭೇದಗಳ ಮಿಶ್ರತಳಿಯೂ ಇರಬಹುದು. 2016ರ ಜಾಗತಿಕ ವರ್ಗೀಕರಣ ಲೆಕ್ಕ ಹಾಕಿದ್ದು ಸುಮಾರು 10,500 ಜರೀಗಿಡ ಪ್ರಭೇದಗಳನ್ನು. ದಕ್ಷಿಣ ಭಾರತದ ಜರೀಗಿಡಗಳ ಬಗ್ಗೆ ಮದ್ರಾಸ್ ಅರಣ್ಯ ಇಲಾಖೆಯ ಬೆಡ್ಡೋಮ್ ಚಿತ್ರ ಸಮೇತ ಪುಸ್ತಕ ತಂದದ್ದು 1863–64ರಲ್ಲಿ. ಹುಡುಕಾಟ ನಡೆಯದ ಕಾಡೇನೂ ನಮ್ಮದಲ್ಲ.

ಹಾಗಾಗಿ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಹಿಡಿದು ಮೊದಲು ಎಲೆಯ ಅಡಿಭಾಗ ನೋಡಿ. ಕಂದು ಬೀಜಕಗುಚ್ಛಗಳು, ಅಂದರೆ ಸೋರಸ್‌ಗಳು, ನರದ ಉದ್ದಕ್ಕೆ ಒಂದು ಬದಿಯಲ್ಲಿ ಗೆರೆಯಂತಿದ್ದರೆ ಆಸ್ಪ್ಲೀನಿಯಂ ಇರಬಹುದು. ಕೆಲವು ನರಗಳ ಎರಡೂ ಬದಿಗೆ ಬೆನ್ನಿಗೆ ಬೆನ್ನು ತಾಗಿಸಿಕೊಂಡಿದ್ದರೆ ಡಿಪ್ಲೇಜಿಯಂ, ಅಂದರೆ ಕೊಡಗಿನಲ್ಲಿ ಪಲ್ಯ ಮಾಡುವ ತೆರ್ಮೆ ತೊಪ್ಪಿನ ಕುಲ. ಗುಚ್ಛದ ಮೇಲಿನ ಪೊರೆ ಮೂತ್ರಪಿಂಡದ ಆಕಾರದ್ದಾದರೆ ಡ್ರಯಾಪ್ಟೆರಿಸ್. ಪೊರೆ ಗುಂಡಗಿದ್ದು ನಟ್ಟನಡುವೆ ಅಂಟಿಕೊಂಡಿದ್ದರೆ ಪಾಲಿಸ್ಟಿಕಂ. ಎಲೆಯ ಅಂಚೇ ಮಡಚಿ ಬೀಜಕಗಳನ್ನು ಮುಚ್ಚಿದ್ದರೆ ಟೆರಿಸ್ ಇರುವ ಸಂಭವ ಹೆಚ್ಚು. ಆಮೇಲೆ ಬುಡದ ಹುರುಪೆಗಳಲ್ಲಿ ಒಂದನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ಆಸ್ಪ್ಲೀನಿಯಂನದಾದರೆ ಕೋಶಗಳ ಗೋಡೆ ಕಪ್ಪಗೆ, ನಡುಭಾಗ ಪಾರದರ್ಶಕವಾಗಿ, ಕಿಟಕಿಯ ಜಾಲರಿಯಂತೆ ಕಾಣುತ್ತದೆ. ಕುಲ ಯಾವುದೆಂದು ಖಚಿತವಾದ ಮೇಲಷ್ಟೇ ‘ಹೊಸದೇ’ ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ.

ಮಾದರಿ ಸಂಗ್ರಹಿಸುವಾಗ ಏನೆಲ್ಲ ತೆಗೆದುಕೊಳ್ಳಬೇಕು? ಮಳೆಯಲ್ಲಿ ಒತ್ತಿಟ್ಟ ಎಲೆಗೆಲ್ಲ ಬೂಷ್ಟು ಹಿಡಿಯಿತು.
*– ಎಂ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ*

ಕೆಲಸ ಅರ್ಧ ಗೆಲ್ಲುವುದೂ ಪೂರ್ತಿ ಸೋಲುವುದೂ ಈ ಹಂತದಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಚೆಂದದ ಒಂದೆಲೆ ಕಿತ್ತು ತಂದರೆ ಅದರಿಂದ ಏನೂ ಆಗದು. ರೈಜೋಮ್, ಅಂದರೆ ನೆಲದಲ್ಲಿ ಹರಿಯುವ ಇಲ್ಲವೇ ನೆಟ್ಟಗೆ ನಿಲ್ಲುವ ಕಾಂಡ, ಬೇಕೇ ಬೇಕು. ಕೆಲವು ಎಲೆತೊಟ್ಟುಗಳ ಬುಡ ಸೇರಿದ 5–8 ಸೆಂ.ಮೀ. ತುಂಡು ಸಾಕು. ಮಣ್ಣು ತೊಳೆಯುವಾಗ ಉಜ್ಜಬೇಡಿ, ಹುರುಪೆಗಳು ಉದುರಿಹೋಗುತ್ತವೆ. ಗಿಡಗಳು ಕಡಿಮೆ ಇದ್ದರೆ ಬುಡ ಸಮೇತ ಕೀಳದೆ, ಕವಲೊಡೆದ ರೈಜೋಮ್‌ನ ಒಂದು ತುದಿ ಮಾತ್ರ ಕತ್ತರಿಸಿಕೊಳ್ಳಿ. ಬೀಜಕ ಬಿಟ್ಟ ಎಲೆ, ಬಿಡದ ಎಲೆ ಎರಡೂ ಇರಲಿ. ಬೀಜಕ ಬಿಟ್ಟ ಎಲೆಯಲ್ಲೂ ಎಳೆಯದೊಂದು, ಬಲಿತದ್ದೊಂದು ಬೇಕು. ಪೊರೆ ಸರಿಯಾಗಿ ಕಾಣುವುದು ಎಳೆಯದರಲ್ಲಿ, ಬಲಿತಾಗ ಅದು ಮುದುಡಿ ಉದುರುತ್ತದೆ. ಅಳೆಯಲು ಬರುವ ಬೀಜಕ ಸಿಗುವುದು ಬಲಿತದ್ದರಲ್ಲಿ ಮಾತ್ರ.

ಒಣಗಿದ ಮಾದರಿಯನ್ನು ಅಂಟಿಸುವ ಹಾಳೆಯ ಅಳತೆ ನಮ್ಮಲ್ಲಿ ಸಾಮಾನ್ಯವಾಗಿ 28×42 ಸೆಂ.ಮೀ. ಅದಕ್ಕಿಂತ ಉದ್ದದ ಎಲೆಯನ್ನು ‘ವಿ’ ಅಥವಾ ‘ಎನ್’ ಆಕಾರದಲ್ಲಿ ಮಡಚಿ. ಇನ್ನೂ ದೊಡ್ಡದಾದರೆ ತೊಟ್ಟಿನ ಬುಡ, ಅತಿ ಕೆಳಗಿನ ಜೋಡಿ ಕಿರುಎಲೆ, ನಡುಭಾಗ, ತುದಿ ಎಂದು ತುಂಡು ಮಾಡಿ ಬೇರೆ ಬೇರೆ ಹಾಳೆಗೆ ಹಾಕಿ. ಪ್ರತಿ ಹಾಳೆಯ ಮೇಲೂ ಒಂದೇ ಸಂಗ್ರಹ ಸಂಖ್ಯೆ, ‘3ರಲ್ಲಿ 1ನೇ ಹಾಳೆ’, ‘3ರಲ್ಲಿ 2ನೇ ಹಾಳೆ’ ಎಂದು ಬರೆಯಲೇಬೇಕು. ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಮೂಲ ಮಾದರಿ, ಒಂದೇ ಇರಬೇಕೆಂಬುದು ನಿಯಮ. ಹಾಳೆಗಳಿಗೆ ಹೀಗೆ ಪರಸ್ಪರ ಕೊಂಡಿ ಹಾಕಿದ್ದರೆ ಮೂರೂ ಸೇರಿ ಒಂದು ಮಾದರಿ ಎನಿಸುತ್ತವೆ, ಇಲ್ಲದಿದ್ದರೆ ತಕರಾರು ಶುರು. ಒತ್ತುವಾಗ ಕೆಲವು ಕಿರುಎಲೆಗಳನ್ನು ತಿರುವಿ ಹಾಕಿ, ಅಡಿಭಾಗವೂ ಕಾಣಲಿ.

ಎಲ್ಲಕ್ಕಿಂತ ಕೆಟ್ಟ ತಪ್ಪು, ಹೆಣೆದುಕೊಂಡು ಬೆಳೆದ ಎರಡು ಗಿಡಗಳ ಎಲೆಗಳನ್ನು ಒಂದೇ ಸಂಖ್ಯೆಯಡಿ ಸೇರಿಸುವುದು. ಹಳ್ಳದ ಬಂಡೆಯ ಮೇಲೆ ಎರಡು ಮೂರು ಪ್ರಭೇದಗಳ ರೈಜೋಮ್‌ಗಳು ಒಂದರ ಮೇಲೊಂದು ಹರಿದಿರುತ್ತವೆ. ಪ್ರತಿ ತೊಟ್ಟನ್ನೂ ಬುಡದವರೆಗೆ ಬೆರಳಾಡಿಸಿ, ಅದು ಅದೇ ರೈಜೋಮ್‌ನಿಂದ ಬಂದಿದೆಯೇ ಎಂದು ನೋಡಿ. ‘ವಿಚಿತ್ರ ಹೊಸ ಪ್ರಭೇದ’ದ ಬುಡ ಒಂದು ಕುಲದ್ದು, ಎಲೆ ಇನ್ನೊಂದು ಕುಲದ್ದು ಎಂದು ಆಮೇಲೆ ತಿಳಿದರೆ ಆ ಪ್ರಬಂಧವನ್ನು ಯಾರೂ ಉಳಿಸಲಾರರು.

ಇನ್ನು ಬೂಷ್ಟಿನ ವಿಷಯ. ಮೊದಲ ನಾಲ್ಕು ದಿನ ಪ್ರತಿದಿನ ಕಾಗದ ಬದಲಿಸಿ, ಆಮೇಲೆ ದಿನ ಬಿಟ್ಟು ದಿನ ಬದಲಿಸಿದರೆ ಸಾಕು. ತೆಗೆದ ಕಾಗದವನ್ನು ಒಲೆಯ ಹತ್ತಿರವೋ ಇಸ್ತ್ರಿ ಹಾಕಿಯೋ ಒಣಗಿಸದೆ ಮತ್ತೆ ಬಳಸಬೇಡಿ. ಡ್ರೈಯರ್ ಇದ್ದರೆ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇಡಿ, 60 ದಾಟಿಸಬೇಡಿ. ಹೆಚ್ಚು ಕಾಯಿಸಿದರೆ ಎಲೆ ಕಂದಾಗಿ ಮುರಿಯುತ್ತದೆ, ಡಿಎನ್‌ಎ ಕೂಡ ಹಾಳಾಗುತ್ತದೆ. ಕಾಡಿನಲ್ಲೇ ಹಲವು ದಿನ ಉಳಿಯಬೇಕಾದರೆ ಕಾಗದದ ಕಟ್ಟಿಗೆ 60–70% ಸ್ಪಿರಿಟ್ ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಹಳೆಯ ಉಪಾಯವಿದೆ. ಬೂಷ್ಟು ಬಾರದು, ಆದರೆ ಬಣ್ಣ ಹೋಗುತ್ತದೆ, ಡಿಎನ್‌ಎಗೂ ಆಸೆ ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಮೊದಲೇ ಎಳೆಯ, ಬೀಜಕವಿಲ್ಲದ ಎಲೆಯ 2–4 ಚದರ ಸೆಂ.ಮೀ. ತುಂಡನ್ನು ಅದರ ತೂಕದ ಹತ್ತು ಪಟ್ಟು, ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಹಾಕಿಡಿ. ನೀಲಿ ಹರಳು ಗುಲಾಬಿಯಾದರೆ ಜೆಲ್ ಬದಲಿಸಿ. ಹರಳಿನ ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ.

ಹೈಮೆನೋಫಿಲೇಸಿ ಕುಟುಂಬದ ಪೊರೆಜರಿಗಳಿಗೆ ಈ ಸಾವಕಾಶ ನಡೆಯುವುದಿಲ್ಲ. ಅವುಗಳ ಎಲೆ ಒಂದೇ ಕೋಶದಷ್ಟು ದಪ್ಪ. ಕಿತ್ತು ಚೀಲಕ್ಕೆ ಹಾಕಿ ಸಂಜೆ ಒತ್ತುತ್ತೇನೆಂದರೆ ಅಷ್ಟರಲ್ಲಿ ಸುರುಟಿರುತ್ತದೆ. ಅಲ್ಲೇ ಒತ್ತಬೇಕು. ಮರಜರಿಗಳಲ್ಲಿ ಕಾಂಡ ಕಡಿಯುವ ಅಗತ್ಯವಿಲ್ಲ. ಹುರುಪೆ ಸಮೇತ ತೊಟ್ಟಿನ ಬುಡ, ಒಂದು ಎಲೆಯ ಭಾಗಗಳು, ಕಾಂಡದ ಮೇಲಿನ ಎಲೆ ಉದುರಿದ ಗುರುತುಗಳ ಫೋಟೊ, ಕಾಂಡದ ಎತ್ತರ ಮತ್ತು ಸುತ್ತಳತೆ ಸಾಕು.

ಒಣಗಿದ ಮೇಲೆ ತಿಳಿಯಲಾರದ್ದನ್ನು ಸ್ಥಳದಲ್ಲೇ ಬರೆಯಿರಿ: ಹಸಿಯಾಗಿದ್ದಾಗ ತೊಟ್ಟಿನ ಬಣ್ಣ, ರೈಜೋಮ್ ಹರಿದಿತ್ತೋ ನಿಂತಿತ್ತೋ, ಬಂಡೆಯೋ ತೊಗಟೆಯೋ ಮಣ್ಣೋ, ಸಮುದ್ರಮಟ್ಟದಿಂದ ಎತ್ತರ, ಜಿಪಿಎಸ್ ಅಂಕಿ, ಅಲ್ಲಿ ಕಂಡ ಒಟ್ಟು ಗಿಡಗಳ ಎಣಿಕೆ. ಆ ಎಣಿಕೆಯನ್ನು ಮರೆಯುವವರೇ ಜಾಸ್ತಿ. ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿಯ ಮಾತು ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಹಾಳೆ ಸಿದ್ಧವಾದ ಮೇಲೆ ಹುಳ ಬಾರದಂತೆ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡಿ. ಹಿಂದೆ ಮರ್ಕ್ಯುರಿಕ್ ಕ್ಲೋರೈಡ್ ಬಳಿಯುತ್ತಿದ್ದರು. ಅದು ಘೋರ ವಿಷ. ಕಾಲೇಜಿನ ಹಳೆಯ ಹಾಳೆಗಳನ್ನು ಕೈಗವಸು ಇಲ್ಲದೆ ಮುಟ್ಟಬೇಡಿ.

ಇದಕ್ಕೆಲ್ಲ ಯಾರ ಅನುಮತಿ ಬೇಕು?
*– ಪ್ರೌಢಶಾಲಾ ಶಿಕ್ಷಕರು, ಸಿದ್ದಾಪುರ*

ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನವಾದರೆ 1972ರ ವನ್ಯಜೀವಿ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಪ್ರಕಟಣೆಯ ಹೊತ್ತಿಗೆ ಸಂಪಾದಕರೇ ಅನುಮತಿ ಪತ್ರದ ಸಂಖ್ಯೆ ಕೇಳಬಹುದು. ಮೊದಲು ಕಿತ್ತು ಆಮೇಲೆ ಅರ್ಜಿ ಹಾಕಿದರೆ ಕೊಡಲು ಸಂಖ್ಯೆಯೇ ಇರುವುದಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಂ ಹಲವರ ಗಮನಕ್ಕೆ ಬಂದಿರುವುದಿಲ್ಲ. ಹೊಸ ಜೀವಿಯನ್ನು ಪತ್ತೆ ಹಚ್ಚಿದವರು ಯಾರೇ ಆಗಲಿ, ಅದಕ್ಕೆಂದೇ ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಸಸ್ಯಗಳ ಮಟ್ಟಿಗೆ ಭಾರತೀಯ ಸಸ್ಯ ಸರ್ವೇಕ್ಷಣಾಲಯ ಅಂಥ ಸಂಸ್ಥೆ. ಒಣಗಿಸಿದ ಸಸ್ಯ ಮಾದರಿಗಳನ್ನು ಕಾಯ್ದಿಡುವ ಸಂಗ್ರಹಾಲಯವೇ ಹರ್ಬೇರಿಯಂ. ಹೌರಾದ ಕೇಂದ್ರ ಹರ್ಬೇರಿಯಂ, ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂ, ಪುಣೆಯ ಪಶ್ಚಿಮ ವಲಯದ ಹರ್ಬೇರಿಯಂ ಅದರವೇ. ಅದೇ ಸಂಗ್ರಹದ ಹೆಚ್ಚುವರಿ ಹಾಳೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂಗೂ ಕೊಡುವುದು ಒಳ್ಳೆಯದು, ಮುಂದೆ ನೋಡಬೇಕಾದವರಿಗೆ ಹತ್ತಿರವಾಗುತ್ತದೆ. ವಿದೇಶಿಯರು ಮತ್ತು ಹೊರದೇಶದಲ್ಲಿ ನೆಲೆಸಿರುವ ಭಾರತೀಯರು ಸಂಶೋಧನೆಗೆ ಮಾದರಿ ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಮರಜರಿಯ ಸಯಾಥಿಯಾ ಕುಲ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 2ನೇ ಅನುಬಂಧದಲ್ಲಿದೆ. ಅದರ ತುಂಡನ್ನು ದೇಶದ ಗಡಿ ದಾಟಿಸುವ ಮುನ್ನ ಆ ನಿಯಮಗಳನ್ನೂ ನೋಡಿಕೊಳ್ಳಿ.

ನನ್ನ ಗಿಡದ ಆರ್‌ಬಿಸಿಎಲ್ ಜೀನ್ ಗೊತ್ತಿರುವ ಪ್ರಭೇದದ್ದಕ್ಕೆ ಪೂರ್ತಿ ಹೊಂದುತ್ತದೆ. ‘ಹಾಗಾದರೆ ಹೊಸದಲ್ಲ, ಬಿಟ್ಟುಬಿಡು’ ಎನ್ನುತ್ತಾರೆ. ಆದರೆ ಗಿಡ ಕಣ್ಣಿಗೇ ಬೇರೆ ಕಾಣುತ್ತದೆ.
*– ಸಂಶೋಧನಾ ವಿದ್ಯಾರ್ಥಿ, ಮೈಸೂರು*

ಬಿಡಬೇಡಿ, ಹೊಸದೆಂದು ಘೋಷಿಸಲೂ ಬೇಡಿ. ಆರ್‌ಬಿಸಿಎಲ್ ಇರುವುದು ಹಸಿರುಕಣದ ಡಿಎನ್‌ಎಯಲ್ಲಿ. ಜರೀಗಿಡಗಳಲ್ಲಿ ಅದು ಸಾಮಾನ್ಯವಾಗಿ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ನಿಮ್ಮ ಗಿಡ ಎರಡು ಪ್ರಭೇದ ಕೂಡಿ, ವರ್ಣತಂತುಗಳು ಇಮ್ಮಡಿಯಾಗಿ ನೆಲೆನಿಂತದ್ದಾದರೆ ಆ ಜೀನ್ ತಾಯಿ ಪ್ರಭೇದದ್ದಕ್ಕೆ ಹೊಂದುವುದೇ ಸಹಜ. ತಂದೆಯ ಸುಳಿವು ಸಿಗಬೇಕಾದರೆ ಕೋಶಕೇಂದ್ರದ ಜೀನ್ ನೋಡಬೇಕು. ಪಿಜಿಐಸಿ, ಗ್ಯಾಪ್‌ಸಿಪಿ ಜೀನ್‌ಗಳನ್ನು ಇದಕ್ಕೆಂದೇ ಬಳಸುತ್ತಾರೆ. ಆಸ್ಪ್ಲೀನಿಯಂ, ಡ್ರಯಾಪ್ಟೆರಿಸ್, ಟೆರಿಸ್, ಡಿಪ್ಲೇಜಿಯಂ ಕುಲಗಳಲ್ಲಿ ಈ ಸಿಕ್ಕು ಮಾಮೂಲು. ತಿರುಗಿಸಿ ಹೇಳುವುದಾದರೆ, ಡಿಎನ್‌ಎಯ ಎರಡು ಮೂರು ಅಕ್ಷರ ವ್ಯತ್ಯಾಸ ಕಂಡ ಮಾತ್ರಕ್ಕೆ ಹೊಸದಾಗುವುದೂ ಇಲ್ಲ. ಒಂದೇ ಪ್ರಭೇದದ ಬೇರೆ ಬೇರೆ ಊರಿನ ಗಿಡಗಳಲ್ಲೂ ಅಷ್ಟು ವ್ಯತ್ಯಾಸ ಇರಬಹುದು.

ಸೀಕ್ವೆನ್ಸಿಂಗ್‌ಗೆ, ಅಂದರೆ ಡಿಎನ್‌ಎ ಓದಿಸಲು, ದುಡ್ಡು ಹೊಂದಿಸುವ ಮೊದಲು ಖರ್ಚಿಲ್ಲದ ಪರೀಕ್ಷೆಯೊಂದನ್ನು ಮಾಡಿ. ಬಲಿತ ಎಲೆಯ ತುಂಡನ್ನು ಕಾಗದದ ಮಡಿಕೆಯಲ್ಲಿ ಒಂದೆರಡು ದಿನ ಇಟ್ಟರೆ ಬೀಜಕ ಉದುರುತ್ತದೆ. ಗ್ಲಿಸರಿನ್ ಹನಿಯಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ. ಆಕಾರಗೆಟ್ಟ, ಮುದುಡಿದ, ಬೇರೆ ಬೇರೆ ಗಾತ್ರದ ಕಪ್ಪು ಬೀಜಕಗಳೇ ತುಂಬಿದ್ದರೆ ಅದು ಬಂಜೆ ಮಿಶ್ರತಳಿ ಎನ್ನಬಹುದು. ಬೀಜಕ ಚೆನ್ನಾಗಿದ್ದರೆ, ಇನ್ನೂ ಒಡೆಯದ ಬೀಜಕಕೋಶ (ಬೀಜಕ ತುಂಬಿದ ಪುಟ್ಟ ಚೀಲ) ಒಂದನ್ನು ಸೂಜಿಯಿಂದ ಬಿಡಿಸಿ ಎಣಿಸಿ. ಈ ಕುಲಗಳಲ್ಲಿ ಕೂಡಿ ವಂಶ ಬೆಳೆಸುವವು ಬೀಜಕಕೋಶಕ್ಕೆ 64 ಬೀಜಕ ಕೊಡುತ್ತವೆ, ಕೂಡಿಕೆಯಿಲ್ಲದೆ ಬೆಳೆಯುವವು ಹೆಚ್ಚಾಗಿ 32 ಕೊಡುತ್ತವೆ ಮತ್ತು ಆ ಬೀಜಕಗಳು ದೊಡ್ಡವು. ಕನಿಷ್ಠ 30 ಬೀಜಕ ಅಳೆಯಿರಿ. ಹೊರಪೊರೆ ಸೇರಿಸಿ ಅಳೆದಿರೋ ಬಿಟ್ಟು ಅಳೆದಿರೋ ಎಂಬುದನ್ನು ಬರೆಯದಿದ್ದರೆ ನಿಮ್ಮ ಅಂಕಿಯನ್ನು ಇನ್ನೊಬ್ಬರು ಹೋಲಿಸಲಾರರು. ವರ್ಣತಂತು ಎಣಿಸಲು ಎಳೆಯ ಬೀಜಕಕೋಶಗಳನ್ನು ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೊಹಾಲ್ ಮಿಶ್ರಣದಲ್ಲಿ ಕಾಡಿನಲ್ಲೇ ಹಾಕಿಕೊಳ್ಳಬೇಕು. ತಾಳ್ಮೆ ಇದ್ದವರ ಕೆಲಸ. ಆಫಿಯೋಗ್ಲಾಸಂ ರೆಟಿಕ್ಯುಲೇಟಂನಲ್ಲಿ ಅವು ಸಾವಿರ ದಾಟುತ್ತವೆ, ಅದನ್ನು ಎಣಿಸಿದವರಿಗೆ ಕೈಮುಗಿಯಬೇಕು.

ವಿವರಣೆ ಬರೆಯುವ ಕ್ರಮ ಏನು? ಪ್ರಬಂಧ ‘ವ್ಯತ್ಯಾಸ ಸ್ಪಷ್ಟವಿಲ್ಲ’ ಎಂದು ವಾಪಸ್ ಬಂತು.
*– ಉಪನ್ಯಾಸಕಿ, ಶಿರಸಿ*

ನೀವು ಕಳಿಸಿದ ಕರಡಿನಲ್ಲಿ ‘ಹತ್ತಿರದ ಪ್ರಭೇದಕ್ಕಿಂತ ಎಲೆ ದೊಡ್ಡದು, ಹುರುಪೆ ಹೆಚ್ಚು ದಟ್ಟ’ ಎಂದಿದೆ. ಎಷ್ಟು ದೊಡ್ಡದು, ಎಷ್ಟು ದಟ್ಟ? ಎಲೆ ನೆರಳಿಗೂ ದೊಡ್ಡದಾಗುತ್ತದೆ. ವ್ಯತ್ಯಾಸ ಹೇಳುವ ಭಾಗ ಹೀಗಿರಬೇಕು (ಇದು ಕಲ್ಪಿತ ಉದಾಹರಣೆ): ‘ಪ್ರಭೇದ ಕ-ವನ್ನು ಹೋಲುತ್ತದೆ. ಆದರೆ ರೈಜೋಮ್ ನೆಟ್ಟಗಿದೆ (ಕ-ದಲ್ಲಿ ಹರಿಯುತ್ತದೆ), ಹುರುಪೆಯ ಅಂಚು ಹಲ್ಲುಹಲ್ಲಾಗಿದೆ (ಕ-ದಲ್ಲಿ ನಯ), ಪೊರೆಯ ಅಂಚಿನಲ್ಲಿ ಗ್ರಂಥಿಗಳಿವೆ (ಕ-ದಲ್ಲಿ ಇಲ್ಲ), ಬೀಜಕ 42–51 ಮೈಕ್ರಾನ್ (ಕ-ದಲ್ಲಿ 30–36).’ ಪರಸ್ಪರ ಸಂಬಂಧವಿಲ್ಲದ ಮೂರು ನಾಲ್ಕು ಲಕ್ಷಣ ಹೀಗೆ ಸೇರಿದರೆ ಮಾತು ನಿಲ್ಲುತ್ತದೆ. ಒಂದೇ ಲಕ್ಷಣ, ಅದೂ ಗಾತ್ರ, ಆದರೆ ನಿಲ್ಲದು.

ಪೂರ್ಣ ವಿವರಣೆ ಬುಡದಿಂದ ತುದಿಗೆ ಸಾಗಲಿ: ರೈಜೋಮ್, ಹುರುಪೆ, ತೊಟ್ಟು, ಎಲೆ, ಕಿರುಎಲೆ, ನರ, ಗುಚ್ಛ, ಪೊರೆ, ಬೀಜಕ. ಹತ್ತು ಗಿಡಗಳನ್ನಾದರೂ ಅಳೆದು ‘(14–)18–27(–33) ಸೆಂ.ಮೀ.’ ಎಂಬ ಧಾಟಿಯಲ್ಲಿ ಕೊಡಿ. ಆವರಣದ ಹೊರಗಿನದು ಸಾಮಾನ್ಯ ಅಳತೆ, ಒಳಗಿನದು ಅಪರೂಪದ ತುದಿಗಳು. ಹಸಿ ಎಲೆಯದೋ ಒಣಗಿದ್ದರದೋ ಎಂದು ಹೇಳಿ, ಒಣಗಿದಾಗ ಕುಗ್ಗುತ್ತದೆ. ಚಿತ್ರದಲ್ಲಿ ‘2 ಪಟ್ಟು’ ಎಂದು ಬರೆಯದೆ ಅಳತೆಪಟ್ಟಿ ಹಾಕಿ. ಅಚ್ಚಿನಲ್ಲಿ ಚಿತ್ರ ಕುಗ್ಗಿದರೂ ಪಟ್ಟಿಯೂ ಜೊತೆಗೇ ಕುಗ್ಗುತ್ತದೆ.

ಇನ್ನೊಂದು ಕೊರತೆ: ‘ಕ’ ಪ್ರಭೇದವನ್ನು ನೀವು ಪುಸ್ತಕದ ವಿವರಣೆಯಲ್ಲಷ್ಟೇ ನೋಡಿದ್ದೀರಿ. ಅದರ ಮೂಲ ಮಾದರಿಯನ್ನೇ ನೋಡಬೇಕು. ದೊಡ್ಡ ಹರ್ಬೇರಿಯಂಗಳು ಮೂಲ ಮಾದರಿಗಳ ಸ್ಕ್ಯಾನ್‌ಗಳನ್ನು ಅಂತರ್ಜಾಲದಲ್ಲಿ ಹಾಕಿವೆ. ಸ್ಕ್ಯಾನ್‌ನಲ್ಲಿ ಹುರುಪೆಯ ಅಂಚು ಕಾಣದಿದ್ದರೆ ಅಲ್ಲಿನ ಮೇಲ್ವಿಚಾರಕರಿಗೆ ಬರೆದು ಹತ್ತಿರದ ಫೋಟೊ ಕೇಳಿ. ಆ ಹೆಸರಿನ ಹಳೆಯ ಪರ್ಯಾಯ ಹೆಸರುಗಳ ಮೂಲ ಮಾದರಿಗಳನ್ನೂ ಬಿಡಬೇಡಿ. ನಿಮ್ಮ ‘ಹೊಸ’ ಗಿಡ ಅಲ್ಲೇ ಅಡಗಿ ಕುಳಿತಿರುವುದುಂಟು.

ಅಜ್ಜ ಬಸವಣ್ಣನವರ ಹೆಸರಿಡಬಹುದೇ? ಅಥವಾ ಊರಿನ ಹೆಸರು? ಕನ್ನಡ ಪದ ನಡೆಯುತ್ತದೆಯೇ?
*– ಓದುಗರು, ಕೊಪ್ಪ*

ಮೂರೂ ನಡೆಯುತ್ತವೆ. ಪದ ಯಾವ ಭಾಷೆಯಿಂದಲಾದರೂ ಬರಬಹುದು, ಸ್ವಂತವಾಗಿ ಕಟ್ಟಿದ್ದೂ ಆಗಬಹುದು. ರೋಮನ್ ಲಿಪಿಯಲ್ಲಿ ಬರೆದು ಲ್ಯಾಟಿನ್ ವ್ಯಾಕರಣಕ್ಕೆ ಒಗ್ಗಿಸಬೇಕು ಅಷ್ಟೆ. ಎಡವುವುದು ಆ ಒಗ್ಗಿಸುವಲ್ಲಿ. ಊರಿನ ಹೆಸರಾದರೆ ಕುಲದ ಲಿಂಗ ನೋಡಿ: ಡ್ರಯಾಪ್ಟೆರಿಸ್ ಸ್ತ್ರೀಲಿಂಗ, ಆದ್ದರಿಂದ ‘ಆಗುಂಬೆನ್ಸಿಸ್’. ಆಸ್ಪ್ಲೀನಿಯಂ ನಪುಂಸಕ, ಆದ್ದರಿಂದ ‘ಆಗುಂಬೆನ್ಸೆ’. ವ್ಯಕ್ತಿಯ ಹೆಸರಾದರೆ ಸಾಮಾನ್ಯವಾಗಿ ಗಂಡಸಿಗೆ ‘ಇ’, ಹೆಂಗಸಿಗೆ ‘ಎ’ ಪ್ರತ್ಯಯ. ಆದರೆ ಹೆಸರು ‘ಅ’ಕಾರದಲ್ಲಿ ಮುಗಿದರೆ ಗಂಡಸಾದರೂ ‘ಎ’ ಪ್ರತ್ಯಯವೇ. ಹಾಗಾಗಿ ನಿಮ್ಮ ಅಜ್ಜನದು ‘ಬಸವಣ್ಣೆ’ ಆಗುತ್ತದೆ, ‘ಬಸವಣ್ಣೈ’ ಅಲ್ಲ. ಅಣ್ಣ, ಅಪ್ಪ, ಅಯ್ಯ, ಗೌಡ ಎಂದು ಮುಗಿಯುವ ನಮ್ಮ ಹೆಸರುಗಳಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ.

ಗಾಯಕಿಯ ಹೆಸರೂ ಬಂದದ್ದಿದೆ. 2012ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 19 ಪ್ರಭೇದಗಳ ಹೊಸ ಕುಲವೊಂದಕ್ಕೆ ಲೇಡಿ ಗಾಗಾ ನೆನಪಿನಲ್ಲಿ ‘ಗಾಗಾ’ ಎಂದಿಟ್ಟಿತು. ಅದರಲ್ಲಿ ಹೊಸ ಪ್ರಭೇದಗಳು ಎರಡು: ಕೋಸ್ಟರಿಕಾದ ಗಾಗಾ ಜರ್ಮನೋಟ್ಟಾ, ಮೆಕ್ಸಿಕೊದ ಗಾಗಾ ಮಾನ್‌ಸ್ಟ್ರಾಪಾರ್ವಾ. ನಕ್ಕವರು ನಕ್ಕರು. ಆದರೆ ಕುಲವನ್ನು ಬೇರ್ಪಡಿಸಲು ಡಿಎನ್‌ಎ ಆಧಾರ ಗಟ್ಟಿಯಾಗಿತ್ತು, ಹೆಸರು ನಿಂತಿತು. ತಮ್ಮದೇ ಹೆಸರಿಟ್ಟುಕೊಳ್ಳಲು ನಿಯಮದ ಅಡ್ಡಿ ಇಲ್ಲ. ಮಾಡಿದವರನ್ನು ಮಾತ್ರ ಈ ವಲಯದಲ್ಲಿ ಯಾರೂ ಗೇಲಿ ಮಾಡದೆ ಬಿಡುವುದಿಲ್ಲ.

ವಿವರಣೆಯನ್ನು ಕನ್ನಡದಲ್ಲೇ ಪ್ರಕಟಿಸಬಹುದೇ? ಪತ್ರಿಕೆಯಲ್ಲಿ ಹೆಸರು ಬಂದರೆ ಸಾಲದೇ?
*– ಓದುಗರು, ಧಾರವಾಡ*

ಸಾಲದು. ದಿನಪತ್ರಿಕೆಯ ಸುದ್ದಿ ಪ್ರಕಟಣೆಯೆಂದು ಲೆಕ್ಕಕ್ಕೆ ಬರುವುದಿಲ್ಲ. ವಿವರಣೆಯಿಲ್ಲದೆ ತೇಲಿಬಿಟ್ಟ ಹೆಸರು ‘ಬೆತ್ತಲೆ ಹೆಸರು’ ಎನಿಸಿಕೊಳ್ಳುತ್ತದೆ. 1935ರಿಂದ 2011ರ ಕೊನೆಯವರೆಗೆ ಲ್ಯಾಟಿನ್ ಕಡ್ಡಾಯವಿತ್ತು. 2012ರ ಜನವರಿ 1ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್ ನಡೆಯುತ್ತದೆ, ಐಎಸ್‌ಎಸ್‌ಎನ್ (ನಿಯತಕಾಲಿಕದ) ಅಥವಾ ಐಎಸ್‌ಬಿಎನ್ (ಪುಸ್ತಕದ) ಸಂಖ್ಯೆಯುಳ್ಳ ಪಿಡಿಎಫ್ ಪ್ರಕಟಣೆಯೂ ನಡೆಯುತ್ತದೆ. ಜೊತೆಗೆ ಕನ್ನಡ ವಿವರಣೆ ಕೊಡಲು ಅಡ್ಡಿಯಿಲ್ಲ, ಕೊಡಿ. ಟೈಪ್ ಅಥವಾ ಹೋಲೋಟೈಪ್ ಎಂಬ ಪದ ಮತ್ತು ಅದನ್ನು ಇಟ್ಟಿರುವ ಹರ್ಬೇರಿಯಂನ ಹೆಸರು ಪ್ರಬಂಧದಲ್ಲಿ ಇಲ್ಲದಿದ್ದರೆ 1990ರಿಂದ ಈಚೆಗೆ ಹೆಸರು ಸಿಂಧುವಲ್ಲ.

ಒಂದೇ ಹಳ್ಳದಲ್ಲಿ ಸಿಕ್ಕಿದೆ. ‘ತೀವ್ರ ಅಪಾಯದಲ್ಲಿದೆ’ ಎಂದು ಬರೆಯಬಹುದಲ್ಲವೇ?
*– ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು*

ಸುತ್ತಲ ಹಳ್ಳಗಳನ್ನು ಹುಡುಕಿದ್ದೀರಾ? ಹುಡುಕದಿದ್ದರೆ ‘ಮಾಹಿತಿ ಸಾಲದು’ ಎಂಬ ವರ್ಗವೇ ಸರಿ. ಹುಡುಕಿಯೂ ಬಲಿತ ಗಿಡಗಳು 50ಕ್ಕಿಂತ ಕಡಿಮೆ ಇದ್ದರೆ, ಕೆಂಪುಪಟ್ಟಿ ತಯಾರಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ‘ಡಿ’ ಮಾನದಂಡದಂತೆ ತೀವ್ರ ಅಪಾಯ, 250ಕ್ಕಿಂತ ಕಡಿಮೆ ಇದ್ದರೆ ಅಪಾಯ. ಪ್ರದೇಶದ ಲೆಕ್ಕವನ್ನು 2×2 ಕಿ.ಮೀ. ಚೌಕಗಳಲ್ಲಿ ಮಾಡುತ್ತಾರೆ. 10 ಚದರ ಕಿ.ಮೀ.ಗಿಂತ ಕಡಿಮೆ ಎಂಬುದೊಂದೇ ಸಾಲದು, ನೆಲೆ ಕುಗ್ಗುತ್ತಿದೆ ಎಂಬಂಥ ಇತರ ಷರತ್ತುಗಳೂ ಸೇರಬೇಕು. ಚೌಕ ಎಣಿಸಿ ಅಲ್ಲಿಗೇ ನಿಲ್ಲಿಸುವ ಪ್ರಬಂಧಗಳು ಬೇಕಾದಷ್ಟಿವೆ.

ಹೆಸರಿಟ್ಟ ಮೇಲೆ ಯಾರಾದರೂ ‘ಇದು ಹಳೆಯದೇ’ ಎಂದರೆ?
*– ಅದೇ ಓದುಗರು, ಕೊಪ್ಪ*

ಆಧಾರ ಸಮೇತ ಪ್ರಕಟಿಸಿ, ಇತರರು ಒಪ್ಪಿದರೆ ನಿಮ್ಮ ಹೆಸರು ಹಳೆಯ ಹೆಸರಿನ ಪರ್ಯಾಯವಾಗಿ ಪಟ್ಟಿಗೆ ಸೇರುತ್ತದೆ. 1753ರಿಂದೀಚೆಗೆ ಸಿಂಧುವಾಗಿ ಪ್ರಕಟವಾದ ಅತ್ಯಂತ ಹಳೆಯ ಹೆಸರಿಗೆ ಮನ್ನಣೆ. ಭಾರತದ ಜರೀಗಿಡಗಳಲ್ಲಿ ಹೀಗೆ ಹಿಂದಕ್ಕೆ ಸರಿದ ಹೆಸರುಗಳು ಕಡಿಮೆಯೇನಲ್ಲ. ಹಾಳೆ ಹರ್ಬೇರಿಯಂನಲ್ಲಿ ಉಳಿದಿರುತ್ತದೆ. ಮುಂದೆ ಯಾರಾದರೂ ಆ ಹಳೆಯ ಪ್ರಭೇದವನ್ನು ಮತ್ತೆ ಎರಡಾಗಿ ಒಡೆದರೆ, ನಿಮ್ಮ ಮಾದರಿ ಹೊಸ ಪಾಲಿಗೆ ಸೇರುವಂತಿದ್ದರೆ ಅದೇ ಹೆಸರು ಮತ್ತೆ ಬಳಕೆಗೆ ಬರುತ್ತದೆ.